ಸಕ್ಕರೆ ಕಾಗದ

ಕಾಗದ ನೀಲಿ. ಸಕ್ಕರೆ ಸುತ್ತಿ ಬರುತ್ತಿದ್ದ ಒರಟು ನೀಲಿ.
ಮಂಡ್ಯದ ಪೇಟೆಬೀದಿಯ ಅಂಗಡಿಯಿಂದ ಇನ್ನಾಸಪ್ಪ ಮೇಷ್ಟ್ರು
ಸಕ್ಕರೆ ಬಿಟ್ಟು ಅದನ್ನಷ್ಟೇ ಕೊಂಡು ತರುತ್ತಿದ್ದರು.
'ಮುನ್ನೂರು ವರ್ಷದ ಕೆಳಗೆ ರೋಮಿನವರೂ
ಇಂಥದರ ಮೇಲೇ ಸಂತರನ್ನು ಬರೆದರು, ಮಗಾ.
ನಡುವಣ ಬಣ್ಣ ಕಾಗದವೇ ಕೊಡುತ್ತೆ,
ನಾವು ಕತ್ತಲು ಒಂಚೂರು, ಬೆಳಕು ಒಂಚೂರು ಹಾಕಿದರೆ ಸೈ.'

ಕತ್ತಲು ನಮ್ಮ ಆಲೆಮನೆಯದು.
ಹೊಗೆಗೂಡಿನ ಒಳಮೈ ಕೆರೆದು
ಚಿಪ್ಪಿನಲ್ಲಿ ಮಸಿ ಒಯ್ಯುವುದು ನನ್ನ ಕೆಲಸ.
ಕುದಿಸಿ, ಹಳೆ ಪಂಚೆಯಲ್ಲಿ ಸೋಸಿದರೆ
ಕಾಕಂಬಿ ಬಣ್ಣದ ನೀರು.
ಅಳಿಲುಬಾಲದ ಕುಂಚ ಅದನ್ನು ಕುಡಿದು
ಕಂಕುಳಲ್ಲಿ, ಪಕ್ಕೆಯ ಸಂದಿನಲ್ಲಿ ಸಂಜೆ ಮಾಡುತ್ತಿತ್ತು.

ಬೆಳಕು, ಸುದ್ದೆಯ ಚೂರು.
ಮೈ, ಕಾವಿಕಲ್ಲು.
ಗೋಡೆಯ ಬುಡಕ್ಕೆ ಕಾವಿ ಬಳಿಯುವ ನಮ್ಮವ್ವ
ಅದನ್ನೇ ಚೂಪಾಗಿ ಹೆರೆದು ಮೂರು ಬೆರಳಲ್ಲಿ ಹಿಡಿದವರನ್ನು ಕಂಡು
ಸೆರಗು ಬಾಯಿಗಿಟ್ಟು ನಕ್ಕಿದ್ದಳು.

ಶಿಲುಬೆಯಿಂದ ಇಳಿಸುವ ಚಿತ್ರ. ಸತ್ತ ಮೈ ಬೇಕಿತ್ತು.
ನಮ್ಮಪ್ಪ ಮಾಯಿಗಯ್ಯನನ್ನು ಕೇಳಿದರು:
'ಸತ್ತಂಗೆ ಮಲೀಕತೀಯಾ?'
'ಸತ್ತಂಗ್ಯಾಕೆ ಮೇಷ್ಟ್ರೇ, ರಾತ್ರಿಯೆಲ್ಲ ಒಲೆಗೆ ರಚ್ಚು ಒಟ್ಟೀವ್ನಿ,
ನಿಜವಾಗ್ಲೂ ಮಲೀಕತೀನಿ ಬುಡಿ.'
ಕಬ್ಬಿನ ಸೋಗೆಯ ಮೇಲೆ ಬಿದ್ದುಕೊಂಡ.
ಬಾಯಿ ತೆರೆದಿತ್ತು. ಬಲಗೈ ಜೋತಿತ್ತು.
ಮೇಷ್ಟ್ರು ಉಸಿರು ಹಿಡಿದು ಬರೆದರು.

ತಪ್ಪಿದ ಗೆರೆ ಎತ್ತಲು ಬ್ರೆಡ್ಡು.
ಸಿಪ್ಪೆ ತೆಗೆದು, ಮೆದುವನ್ನು ಗೋಲಿ ಮಾಡಿ
ಒತ್ತಿದರೆ ಕಾವಿ ಮೇಲೆದ್ದು ಬರುತ್ತದೆ.
ಆ ಬ್ರೆಡ್ಡು ನನ್ನ ವಶದಲ್ಲಿತ್ತು.
ನನಗೆ ಏಳು ವರ್ಷ. ಬೆಳಗಿನಿಂದ ಏನೂ ತಿಂದಿರಲಿಲ್ಲ.

ಹಾಗಾಗಿ ಚಿತ್ರದಲ್ಲಿ ಯೇಸುವಿಗೆ ಮೂರು ಬಲಗೈ.
ಒಂದು ನಿದ್ದೆಯಲ್ಲಿ ಸರಿದದ್ದು,
ಒಂದು ಮತ್ತೆ ಸರಿದದ್ದು,
ಒಂದು ಸರಿಯಾದದ್ದು.
ಮೇಷ್ಟ್ರು ಖಾಲಿ ಪೊಟ್ಟಣ ನೋಡಿದರು, ನನ್ನ ತುಟಿ ನೋಡಿದರು.
'ಇರಲಿ. ದೊಡ್ಡವರೂ ತಪ್ಪನ್ನು ಹಾಗೇ ಬಿಡುತ್ತಿದ್ದರು.
ಬರೋಕ್ ಅಂದರೇ ಸೊಟ್ಟ ಮುತ್ತು.'

ಕೊನೆಗೆ ಹಗ್ಗ. ಅದಕ್ಕೆ ಬೇರೆ ಶಾಯಿ:
ಅಳಲೆಕಾಯಿ ಕುಟ್ಟಿ, ಎತ್ತಿನ ಲಾಳದ ತುಕ್ಕುಚೂರು ಹಾಕಿ
ಬೆಲ್ಲದ ನೀರಲ್ಲಿ ಮೂರು ವಾರ ಹುಳಿಸಿದ್ದು.
ಬರೆವಾಗ ಬೂದಿ, ಗಾಳಿಯಾಡಿದರೆ ಕಪ್ಪು.
ಲಾಳದ ಕಡ್ಡಿಯ ಲೇಖನಿ ಒತ್ತಿ ಒತ್ತಿ
ಭುಜಕ್ಕೆರಡು, ಸೊಂಟಕ್ಕೊಂದು.

ಗೋಡೆಗೆ ಏರಿಸಲು ಚೌಕ ಎಳೆದದ್ದೂ ಆಯಿತು.
ಸ್ವಾಮಿಗಳು ಬಂದು ಕನ್ನಡಕ ಒರೆಸಿಕೊಂಡರು.
'ಮೂರು ಕೈ. ಮೇಲಾಗಿ, ಗೊರಕೆ ಹೊಡೆಯೋ ಹಾಗಿದ್ದಾರೆ.'
ಗೋಡೆಗೆ ಸುಣ್ಣ ಹೊಡೆಸಿದರು.

ಈಗ ಮೇಷ್ಟ್ರಿಲ್ಲ. ಅಪ್ಪನೂ.
ಮೇಷ್ಟ್ರ ಮೊಮ್ಮಗ ತಗಡಿನ ಕೊಳವೆ ತಂದುಕೊಟ್ಟ:
'ನಿಮ್ಮ ಹೆಸರು ಬರೆದಿಟ್ಟಿದ್ದರು.'
ಬಿಚ್ಚಿದೆ. ನೀಲಿ ಬೂದಿಗೆ ತಿರುಗಿದೆ.
ಕಾವಿಯ ಮೈ ನೆನ್ನೆ ಬರೆದ ಹಾಗಿದೆ,
ಮಸಿಯ ಸಂಜೆ ಕೂಡ.
ಹಗ್ಗಗಳಿಲ್ಲ.
ಆ ಕಬ್ಬಿಣದ ಶಾಯಿ ಇಷ್ಟು ವರ್ಷ ಕೂತು
ತಾನು ನಿಂತ ಕಾಗದವನ್ನೇ ತಿಂದಿದೆ.
ಕಿಟಕಿಗೆ ಹಿಡಿದರೆ ಭುಜಕ್ಕೆರಡು, ಸೊಂಟಕ್ಕೊಂದು
ಬರೀ ಬಿಸಿಲು.

ಯಾರೂ ಇಳಿಸುತ್ತಿಲ್ಲ ಅವನನ್ನು.
ಸೋಗೆಯ ಮೇಲೆ ಬಾಯಿ ತೆರೆದು ಮಲಗಿದ್ದಾನೆ.

ಮೈಸೂರಿನಲ್ಲಿ ಕಾಗದ ರಿಪೇರಿಯವರಿದ್ದಾರಂತೆ.
ಹಿಂದೆ ತೆಳ್ಳನೆ ಹಾಳೆ ಅಂಟಿಸಿ
ಹಗ್ಗವನ್ನು ಇದ್ದ ಹಾಗೇ ತುಂಬಿಕೊಡುತ್ತಾರಂತೆ.

ಫೋನಿನಲ್ಲಿ ಬೇಡ ಎಂದೆ.
ಆ ಹುಡುಗ ಕಾರಣ ಕೇಳಿದ.
ಬ್ರೆಡ್ಡಿನ ಕತೆಯಿಂದ ಶುರುಮಾಡಬೇಕಿತ್ತು.